ದುಬಾರಿ ಆಡಿಯೊ: ಕಿವಿಗೆ ಎಷ್ಟು, ಕಣ್ಣಿಗೆ ಎಷ್ಟು

ಬೆಂಗಳೂರಿನಲ್ಲಿ ಹತ್ತು ಸಾವಿರ ರೂಪಾಯಿಗೂ ಒಂದು ಜೋಡಿ ಸ್ಪೀಕರ್ ಸಿಗುತ್ತದೆ, ಹತ್ತು ಲಕ್ಷಕ್ಕೂ ಸಿಗುತ್ತದೆ. ಹತ್ತು ಲಕ್ಷವೇ ಕೊನೆಯೇನಲ್ಲ. ಅಮೆರಿಕದ ವಿಲ್ಸನ್ ಆಡಿಯೊ ಕಂಪನಿಯ ‘ವ್ಯಾಮ್ ಮಾಸ್ಟರ್ ಕ್ರೋನೊಸಾನಿಕ್’ ಎಂಬ ಸ್ಪೀಕರ್ ಜೋಡಿ ಹೊರಬಂದಾಗ ಅದರ ಬೆಲೆ 6,85,000 ಡಾಲರ್ ಇತ್ತು. ಸೆನ್‌ಹೈಸರ್ ಕಂಪನಿಯ ಎಚ್‌ಇ 1 ಹೆಡ್‌ಫೋನ್‌ಗೆ, ಅಮೃತಶಿಲೆಯಲ್ಲಿ ಕೂರಿಸಿದ ಅದರ ಆಂಪ್ಲಿಫೈಯರ್ ಸೇರಿ, ಹೊರಬಂದಾಗ ಸುಮಾರು 50,000 ಯೂರೊ ಇತ್ತು. ಇಂಥ ಬೆಲೆ ಕಿವಿಗೆ ಬಿದ್ದ ಕೂಡಲೇ ಎರಡು ಉತ್ತರಗಳು ಸಿದ್ಧವಾಗಿ ನಿಂತಿರುತ್ತವೆ. ‘ಕೇಳಿದವರಿಗೇ ಗೊತ್ತು ಅದರ ರುಚಿ’ ಎನ್ನುವುದು ಒಂದು. ‘ಎಲ್ಲಾ ಬರೀ ಮೋಸ’ ಎನ್ನುವುದು ಇನ್ನೊಂದು. ಎರಡೂ ಸೋಮಾರಿ ಉತ್ತರಗಳೇ. ಬೆಲೆಗೆ ತಕ್ಕ ದನಿ ಸಿಗುತ್ತದೆಯೇ ಎಂದು ಯಾರಾದರೂ ಕೇಳಿದರೆ, ಯಾವ ಸಾಮಾನಿನ ಬೆಲೆ ಎಂದು ಮರುಪ್ರಶ್ನೆ ಹಾಕದೆ ಮುಂದೆ ಹೋಗಲಾಗದು. ಒಂದು ಲಕ್ಷವನ್ನು ಸ್ಪೀಕರ್‌ಗೆ ಹಾಕುವುದಕ್ಕೂ ಅದೇ ಒಂದು ಲಕ್ಷವನ್ನು ಕೇಬಲ್‌ಗೆ ಹಾಕುವುದಕ್ಕೂ ಅಜಗಜಾಂತರವಿದೆ.

ದನಿ ಗಾಯಕಿಯ ಗಂಟಲಿನಿಂದ ಹೊರಟು ನಮ್ಮ ಕಿವಿಗೆ ಬರುವಷ್ಟರಲ್ಲಿ ಹಲವು ಕೈ ದಾಟಿರುತ್ತದೆ. ಮೊದಲು ಮೈಕ್ ಮತ್ತು ಧ್ವನಿಮುದ್ರಣ. ಆಮೇಲೆ ಅದನ್ನು ಹಿಡಿದಿಟ್ಟ ಸಿಡಿ, ಫೈಲ್ ಅಥವಾ ಗ್ರಾಮಫೋನ್ ತಟ್ಟೆ. ಅಂಕಿಗಳನ್ನು ವಿದ್ಯುತ್ ಅಲೆಯಾಗಿ ಮಾರ್ಪಡಿಸುವ ಡ್ಯಾಕ್, ಆ ಅಲೆಗೆ ಬಲ ತುಂಬುವ ಆಂಪ್ಲಿಫೈಯರ್, ಬಲವನ್ನು ಹೊತ್ತೊಯ್ಯುವ ತಂತಿ, ಅದನ್ನು ಗಾಳಿಯ ಅಲುಗಾಟವಾಗಿಸುವ ಸ್ಪೀಕರ್, ಕೊನೆಗೆ ಆ ಗಾಳಿ ತುಂಬಿದ ಕೋಣೆ. ಇವುಗಳಲ್ಲಿ ಪ್ರತಿಯೊಂದೂ ದನಿಯನ್ನು ಅಷ್ಟಿಷ್ಟು ಕೆಡಿಸುತ್ತದೆ. ಎಷ್ಟು ಕೆಡಿಸುತ್ತದೆ ಎಂಬುದನ್ನು ಅಳೆಯಬಹುದು. ಹಣ ಎಲ್ಲಿ ಕೇಳಿಸುತ್ತದೆ, ಎಲ್ಲಿ ಕೇಳಿಸುವುದಿಲ್ಲ ಎಂಬುದು ಆ ಅಳತೆಗಳಿಂದಲೇ ತಿಳಿಯುತ್ತದೆ.

ಮನುಷ್ಯನ ಕಿವಿ ಕೇಳಬಲ್ಲ ವ್ಯಾಪ್ತಿ 20 ಹರ್ಟ್ಸ್‌ನಿಂದ, ಅಂದರೆ ಸೆಕೆಂಡಿಗೆ 20 ಕಂಪನಗಳಿಂದ, 20,000 ಹರ್ಟ್ಸ್ ತನಕ. ಇಂದಿನ ಸಾಧಾರಣ ಬೆಲೆಯ ಒಳ್ಳೆಯ ಡ್ಯಾಕ್ ಅಥವಾ ಆಂಪ್ಲಿಫೈಯರ್ ಈ ಇಡೀ ವ್ಯಾಪ್ತಿಯಲ್ಲಿ ದನಿಯ ಮಟ್ಟವನ್ನು ಅರ್ಧ ಡೆಸಿಬಲ್‌ನಷ್ಟೂ (ದನಿಯ ಜೋರನ್ನು ಅಳೆಯುವ ಮಾನ) ಏರುಪೇರು ಮಾಡುವುದಿಲ್ಲ. ಅದು ಸೇರಿಸುವ ವಿಕೃತಿ ಶೇಕಡಾ 0.01ರ ಆಸುಪಾಸಿನಲ್ಲಿರುತ್ತದೆ. ಸ್ಪೀಕರ್‌ಗೆ ಬಂದರೆ ಲೆಕ್ಕವೇ ಬೇರೆ. ಏರುಪೇರು ಮೂರು ಡೆಸಿಬಲ್ ಒಳಗಿದ್ದರೆ ಅದನ್ನು ಒಳ್ಳೆಯ ಸ್ಪೀಕರ್ ಎನ್ನುತ್ತಾರೆ. ಮಂದ್ರದಲ್ಲಿ, ಅಂದರೆ ತಗ್ಗಿನ ಸ್ವರಗಳಲ್ಲಿ, ಜೋರಾಗಿ ನುಡಿಸಿದಾಗ ಅದರ ವಿಕೃತಿ ಶೇಕಡಾ ಒಂದನ್ನು ಸಲೀಸಾಗಿ ದಾಟುತ್ತದೆ. ಕೋಣೆಯಂತೂ ಮಂದ್ರದ ಸ್ವರಗಳನ್ನು ಹತ್ತು ಡೆಸಿಬಲ್‌ನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಎತ್ತಿ ಇಳಿಸುತ್ತದೆ. ಕೆಡಿಸುವವರ ಸಾಲಿನಲ್ಲಿ ಕೋಣೆ ಮೊದಲು, ಸ್ಪೀಕರ್ ಎರಡನೆಯದು, ಉಳಿದವೆಲ್ಲ ಬಹಳ ಹಿಂದೆ. ಆದರೂ ಅಂಗಡಿಯಲ್ಲಿ ಕೋಣೆಯ ಬಗ್ಗೆ ಯಾರೂ ಸೊಲ್ಲೆತ್ತುವುದಿಲ್ಲ. ಕೋಣೆಯನ್ನು ಡಬ್ಬದಲ್ಲಿ ತುಂಬಿ ಮಾರಲು ಬರುವುದಿಲ್ಲವಲ್ಲ.

ಹತ್ತು ಅಡಿ, ಹನ್ನೆರಡು ಅಡಿ

ನಮ್ಮ ನಗರದ ಫ್ಲಾಟುಗಳಲ್ಲಿ ಸಂಗೀತಕ್ಕೆಂದು ಒಂದು ಕೋಣೆ ಸಿಕ್ಕರೆ ಅದು ಸಾಮಾನ್ಯವಾಗಿ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ್ದು. ಚಾವಣಿಯೂ ಹೆಚ್ಚೂಕಡಿಮೆ ಹತ್ತು ಅಡಿ. ನೆಲಕ್ಕೆ ಗ್ರಾನೈಟ್ ಅಥವಾ ವಿಟ್ರಿಫೈಡ್ ಟೈಲ್ಸ್, ಮೇಲೆ ಆರ್‌ಸಿಸಿ, ಒಂದು ಕಡೆ ದೊಡ್ಡ ಗಾಜಿನ ಕಿಟಕಿ. ದನಿಯ ಮಟ್ಟಿಗೆ ಇದು ಕನ್ನಡಿಗಳಿಂದಲೇ ಕಟ್ಟಿದ ಪೆಟ್ಟಿಗೆ.

ಗಾಳಿಯಲ್ಲಿ ದನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಎದುರುಬದುರು ಗೋಡೆಗಳ ನಡುವಿನ ಅಂತರವನ್ನು ಮೀಟರಿನಲ್ಲಿ ಅಳೆದು, ದುಪ್ಪಟ್ಟು ಮಾಡಿ, 343ನ್ನು ಅದರಿಂದ ಭಾಗಿಸಿದರೆ ಆ ಎರಡು ಗೋಡೆಗಳ ನಡುವೆ ಮೊದಲು ಅನುರಣಿಸುವ ಸ್ವರ ಯಾವುದೆಂದು ತಿಳಿಯುತ್ತದೆ. ಹನ್ನೆರಡು ಅಡಿಗೆ ಅದು 47 ಹರ್ಟ್ಸ್, ಹತ್ತು ಅಡಿಗೆ 56 ಹರ್ಟ್ಸ್. ಆಮೇಲೆ ಇವುಗಳ ದುಪ್ಪಟ್ಟು, ಮೂರುಪಟ್ಟು ಸಂಖ್ಯೆಗಳು. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದಾಗ ಸಣ್ಣ ನೂಕಿಗೂ ಎತ್ತರಕ್ಕೆ ಏರುವಂತೆ, ಈ ಕೆಲವೇ ಸ್ವರಗಳು ಕೋಣೆಯಲ್ಲಿ ಉಬ್ಬಿ ನಿಲ್ಲುತ್ತವೆ. ಅಗಲವೂ ಎತ್ತರವೂ ಹತ್ತು ಅಡಿಯೇ ಆಗಿದ್ದರೆ 56 ಮತ್ತು 112 ಹರ್ಟ್ಸ್‌ಗಳು ಎರಡೆರಡು ದಿಕ್ಕಿನಿಂದ ಉಬ್ಬುತ್ತವೆ. ಮೃದಂಗದ ಎಡಭಾಗದ ಗುಮಕಿ ಒಂದು ಹೊಡೆತಕ್ಕೆ ಗುಡುಗಿ ಇನ್ನೊಂದಕ್ಕೆ ಸೊರಗುವುದು ಇದರಿಂದಲೇ. ಕೇಳುಗರು ಸ್ಪೀಕರ್ ಅನ್ನು ಬೈಯುತ್ತಾರೆ.

ಈ ಉಬ್ಬು ಕೋಣೆಯ ಎಲ್ಲ ಕಡೆಯೂ ಒಂದೇ ಸಮನಾಗಿ ಇರುವುದಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಗೋಡೆಯ ಹತ್ತಿರ ಅತಿ ಹೆಚ್ಚು, ಮೊದಲು ಅನುರಣಿಸುವ ಸ್ವರದ ಮಟ್ಟಿಗೆ ಕೋಣೆಯ ನಟ್ಟನಡುವೆ ಅತಿ ಕಡಿಮೆ. ಸೋಫಾವನ್ನು ಹಿಂಗೋಡೆಗೆ ಆನಿಸಿ ಕುಳಿತವರಿಗೆ ಮಂದ್ರ ಕಿವಿ ತುಂಬುತ್ತದೆ. ಸರಿಯಾಗಿ ಮಧ್ಯದಲ್ಲಿ ಕುಳಿತವರಿಗೆ 47 ಹರ್ಟ್ಸ್ ಬಹುತೇಕ ಮಾಯ. ಕುರ್ಚಿಯನ್ನು ಎರಡು ಅಡಿ ಮುಂದೆ ಸರಿಸಿದರೆ ಆಗುವ ಬದಲಾವಣೆ, ಮೂವತ್ತು ಸಾವಿರದ ಆಂಪ್ಲಿಫೈಯರ್ ತೆಗೆದು ಮೂರು ಲಕ್ಷದ್ದು ಇಟ್ಟರೆ ಆಗುವ ಬದಲಾವಣೆಗಿಂತ ಹಲವು ಪಟ್ಟು ದೊಡ್ಡದು. ಕುರ್ಚಿ ಸರಿಸಲು ದುಡ್ಡು ಬೇಡ.

ಮಂದ್ರದ ಕಥೆ ಹೀಗಾದರೆ, ಮಧ್ಯ ಮತ್ತು ತಾರ ಸ್ಥಾಯಿಯ ಸಮಸ್ಯೆ ಪ್ರತಿಧ್ವನಿ. ಇದಕ್ಕೆ ಲೆಕ್ಕ ಕಟ್ಟಿಕೊಟ್ಟವರು ಹಾರ್ವರ್ಡ್‌ನ ಭೌತವಿಜ್ಞಾನಿ ವಾಲೆಸ್ ಸಬೈನ್. 1895ರ ಸುಮಾರಿಗೆ ಅಲ್ಲಿನ ಒಂದು ಉಪನ್ಯಾಸ ಸಭಾಂಗಣದಲ್ಲಿ ಮಾತೇ ತಿಳಿಯದಷ್ಟು ಪ್ರತಿಧ್ವನಿಯಾಗುತ್ತಿತ್ತು. ಸಬೈನ್ ರಾತ್ರಿಯ ಹೊತ್ತು ಪಕ್ಕದ ರಂಗಮಂದಿರದಿಂದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು ಸಭಾಂಗಣದಲ್ಲಿ ಹರಡಿ, ಪ್ರತಿಧ್ವನಿ ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆಯುತ್ತಾ ಹೋದರು. ಕೋಣೆಯ ಗಾತ್ರ ಹೆಚ್ಚಿದಷ್ಟೂ ಆ ಅವಧಿ ಉದ್ದವಾಗುತ್ತದೆ, ದನಿ ಹೀರುವ ಮೇಲ್ಮೈ ಹೆಚ್ಚಿದಷ್ಟೂ ಗಿಡ್ಡವಾಗುತ್ತದೆ ಎಂಬ ಸರಳ ಸೂತ್ರ ಹುಟ್ಟಿದ್ದು ಹಾಗೆ. ಇಂದಿಗೂ ಜಗತ್ತಿನ ಸಭಾಂಗಣಗಳ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. 1980ರಲ್ಲಿ ಕಟ್ಟಿದ ನಮ್ಮ ಚೌಡಯ್ಯ ಸ್ಮಾರಕ ಭವನದ ಪಿಟೀಲಿನ ಆಕಾರ ಕಣ್ಣಿಗೆ ಹಬ್ಬ, ಸರಿ. ಆದರೆ ಯಾವ ಸಭಾಂಗಣದಲ್ಲಾದರೂ ದನಿಯನ್ನು ತೀರ್ಮಾನಿಸುವುದು ಒಳಗಿನ ಗೋಡೆ, ಚಾವಣಿ, ಕುರ್ಚಿ ಮತ್ತು ಕುರ್ಚಿಯಲ್ಲಿ ಕುಳಿತ ಜನ.

ಅದೇ ಸೂತ್ರವನ್ನು ಮೇಲಿನ ಹತ್ತು-ಹನ್ನೆರಡರ ಕೋಣೆಗೆ ಹಾಕಿ ನೋಡಿ. ಅದರ ಗಾತ್ರ 34 ಘನ ಮೀಟರ್. ಸಾಮಾನು ಒಂದೂ ಇಲ್ಲದೆ ಖಾಲಿ ಇದ್ದಾಗ ಪ್ರತಿಧ್ವನಿ ಪೂರ್ತಿ ಅಡಗಲು ಎರಡೂವರೆ, ಮೂರು ಸೆಕೆಂಡು ಬೇಕು. ಒಂದು ಹತ್ತಿ ಹಾಸಿಗೆ, ದಪ್ಪ ಪರದೆ, ಪುಸ್ತಕ ತುಂಬಿದ ಕಪಾಟು, ನೆಲಕ್ಕೆ ದಪ್ಪನೆಯ ಕಾರ್ಪೆಟ್ ಬಂದರೆ ಅದು ಅರ್ಧ ಸೆಕೆಂಡಿನ ಹತ್ತಿರಕ್ಕೆ ಇಳಿಯುತ್ತದೆ. ನವಲಗುಂದದ ಜಮಖಾನವೂ ತಾರ ಸ್ಥಾಯಿಯ ಚುರುಕನ್ನು ತುಸು ತಗ್ಗಿಸುತ್ತದೆ. ಮಂದ್ರಕ್ಕೆ ಮಾತ್ರ ಇಂಥ ತೆಳು ಬಟ್ಟೆ ಏನೇನೂ ಸಾಲದು, ರಾಕ್‌ವೂಲ್ ಎಂಬ ನಾರಿನ ನಾಲ್ಕಾರು ಇಂಚು ದಪ್ಪದ ಹಲಗೆಗಳನ್ನು ಮೂಲೆಗಳಲ್ಲಿ ನಿಲ್ಲಿಸಬೇಕು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವ ಪದ್ಧತಿಯನ್ನು ಯಾರು ಹುಟ್ಟುಹಾಕಿದರೋ, ಅದರಿಂದ ಜಿರಳೆಗೆ ಆಗುವಷ್ಟು ಲಾಭ ಸಂಗೀತಕ್ಕೆ ಆಗುವುದಿಲ್ಲ.

ಸ್ಪೀಕರ್ ಮತ್ತು ಅದಕ್ಕೆ ಬೇಕಾದ ಬಲ

ಹಣ ಕಿವಿಗೆ ಕೇಳಿಸುವ ಎರಡನೆಯ ಜಾಗ ಸ್ಪೀಕರ್. ಕಾಗದದ, ಪ್ಲಾಸ್ಟಿಕ್ಕಿನ ಅಥವಾ ಲೋಹದ ಒಂದು ಪೊರೆ ಸೆಕೆಂಡಿಗೆ ಸಾವಿರಾರು ಬಾರಿ ಹಿಂದೆ ಮುಂದೆ ಓಡಾಡಬೇಕು, ತನ್ನದೇ ದನಿಯನ್ನು ಸೇರಿಸಬಾರದು, ಅದು ಕೂತಿರುವ ಪೆಟ್ಟಿಗೆ ಅದುರಬಾರದು. ಯಾಂತ್ರಿಕವಾಗಿ ಇದು ಕಷ್ಟದ ಕೆಲಸ. ಐದು ಸಾವಿರದ ಸ್ಪೀಕರ್‌ಗೂ ಐವತ್ತು ಸಾವಿರದ ಸ್ಪೀಕರ್‌ಗೂ ವ್ಯತ್ಯಾಸ ಕೇಳಲು ತರಬೇತಿ ಬೇಡ, ಅಡುಗೆಮನೆಯಲ್ಲಿ ನಿಂತವರಿಗೂ ತಿಳಿಯುತ್ತದೆ. ಐವತ್ತು ಸಾವಿರದಿಂದ ಎರಡು ಲಕ್ಷಕ್ಕೆ ಏರಿದಾಗ ಸಿಗುವುದು ಮುಖ್ಯವಾಗಿ ಆಳವಾದ ಮಂದ್ರ, ಮತ್ತು ಜೋರಾಗಿ ಹಾಕಿದಾಗಲೂ ಒಡೆಯದ ದನಿ. ಅದಕ್ಕಿಂತ ಮೇಲೆ ಹೋದಂತೆ ಹಣ ಪೆಟ್ಟಿಗೆಯ ಹೊಳಪಿಗೆ, ಕೆಲವೇ ಜೋಡಿ ತಯಾರಾಗುವ ದುಬಾರಿತನಕ್ಕೆ, ಸಾಗಣೆಗೆ, ಆಮದು ಸುಂಕಕ್ಕೆ, ಜಿಎಸ್‌ಟಿಗೆ ಹಂಚಿಹೋಗುತ್ತದೆ.

ನೀವು ಹೆಚ್ಚಾಗಿ ಕೇಳುವುದು ಕರ್ನಾಟಕ ಸಂಗೀತವಾಗಿದ್ದರೆ ಲೆಕ್ಕ ಇನ್ನೂ ಹಗುರ. ಗಂಡಸರ ಶ್ರುತಿಗೆ ಹೊಂದಿಸಿದ ತಂಬೂರಿಯ ಮಂದ್ರ ಷಡ್ಜ ಇರುವುದು 65, 70 ಹರ್ಟ್ಸ್ ಆಸುಪಾಸಿನಲ್ಲಿ. ಅದಕ್ಕಿಂತ ಕೆಳಗೆ ಕಛೇರಿಯಲ್ಲಿ ಸಂಗೀತವೆನ್ನುವಂಥದ್ದು ಅಷ್ಟೇನೂ ಇಲ್ಲ. 50, 55 ಹರ್ಟ್ಸ್ ತನಕ ಇಳಿಯುವ ಸಾಧಾರಣ ಗಾತ್ರದ ಬುಕ್‌ಶೆಲ್ಫ್ ಸ್ಪೀಕರ್ ಧಾರಾಳವಾಗಿ ಸಾಕು. 20 ಹರ್ಟ್ಸ್ ತನಕ ಇಳಿಯುವ ಆಳೆತ್ತರದ ಸ್ಪೀಕರ್ ಇಂಥ ಕೋಣೆಯಲ್ಲಿ ಮಾಡುವುದು ಎರಡೇ ಕೆಲಸ, 47 ಹರ್ಟ್ಸ್‌ನ ಉಬ್ಬನ್ನು ಇನ್ನಷ್ಟು ಉಬ್ಬಿಸುವುದು ಮತ್ತು ಕೆಳಗಿನ ಮನೆಯವರ ನಿದ್ದೆ ಕೆಡಿಸುವುದು. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುವ ದೂರುಗಳು ಬಹುತೇಕ ಮಂದ್ರದ ಬಗ್ಗೆಯೇ ಇರುತ್ತವೆ, ಏಕೆಂದರೆ ಗೋಡೆ ತಾರವನ್ನು ತಡೆಯುತ್ತದೆ, ಮಂದ್ರವನ್ನು ಬಿಟ್ಟುಕೊಡುತ್ತದೆ.

ಇಲ್ಲೊಂದು ಮಾತು ಸೇರಿಸಲೇಬೇಕು. ‘ಕಛೇರಿಯಲ್ಲಿ ಕೇಳಿದಂತೆಯೇ ಮನೆಯಲ್ಲೂ ಕೇಳಬೇಕು’ ಎಂದು ಹಂಬಲಿಸುವ ರಸಿಕರು ಇದ್ದಾರೆ. ಶ್ರೀರಾಮ ಸೇವಾ ಮಂಡಳಿಯವರು 1939ರಿಂದ ನಡೆಸಿಕೊಂಡು ಬಂದಿರುವ ರಾಮನವಮಿ ಕಛೇರಿಗಳನ್ನು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಕುಳಿತು ಕೇಳುವಾಗ ಕಿವಿಗೆ ಬೀಳುವುದೂ ಮೈಕು ಮತ್ತು ಸ್ಪೀಕರ್ ದಾಟಿ ಬಂದ ದನಿಯೇ. ಸಭೆಗಳಲ್ಲೂ ಮೈಕಿಲ್ಲದ ಕಛೇರಿ ಅಪರೂಪ. ಮನೆಯ ಸಾಧಾರಣ ಸ್ಪೀಕರ್ ಎಷ್ಟೋ ಸಲ ಅದಕ್ಕಿಂತ ನಿಚ್ಚಳವಾಗಿರುತ್ತದೆ.

ಆಂಪ್ಲಿಫೈಯರ್‌ಗೆ ಬಂದರೆ, ವ್ಯಾಟ್‌ಗಳ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಸಾಮಾನ್ಯ ಸ್ಪೀಕರ್ ಒಂದು ವ್ಯಾಟ್ ಬಲಕ್ಕೆ ಒಂದು ಮೀಟರ್ ದೂರದಲ್ಲಿ 87 ಡೆಸಿಬಲ್ ದನಿ ಕೊಡುತ್ತದೆ. ಜೋಡಿ ಸ್ಪೀಕರ್ ಇಟ್ಟು ಎಂಟು, ಹತ್ತು ಅಡಿ ದೂರ ಕುಳಿತರೆ ಅದು ಸುಮಾರು 83 ಆಗುತ್ತದೆ. ಮನೆಯವರ ಜೊತೆ ಕುಳಿತು ಕೇಳುವ ಹಿತವಾದ ಮಟ್ಟ 75 ಡೆಸಿಬಲ್, ಅಂದರೆ ಕಾಲು ವ್ಯಾಟೂ ಬೇಕಿಲ್ಲ. ಕಛೇರಿಯಲ್ಲಿ ತಾಳವಾದ್ಯದವರಿಗೇ ಬಿಡುವ ತನಿ ಆವರ್ತನದ ಕೊನೆಯ ತೀರ್ಮಾನದಲ್ಲಿ ಕ್ಷಣಮಾತ್ರ 95ಕ್ಕೆ ನೆಗೆಯಲು ಹದಿನಾರು ವ್ಯಾಟ್. ಐವತ್ತು ವ್ಯಾಟ್ ಇದ್ದರೆ ಕೈ ಬಿಚ್ಚಿ ಖರ್ಚು ಮಾಡಿದರೂ ಮಿಗುತ್ತದೆ. ಐವತ್ತನ್ನು ನೂರು ಮಾಡಿದರೆ ಸಿಗುವುದು ಬರೀ ಮೂರು ಡೆಸಿಬಲ್. ಬಲದ ಮಿತಿಯೊಳಗೆ, ದನಿಯ ಮಟ್ಟ ಸರಿಸಮನಾಗಿ ಹೊಂದಿಸಿದಾಗ ಎರಡು ಒಳ್ಳೆಯ ಆಂಪ್ಲಿಫೈಯರ್‌ಗಳನ್ನು ಕಿವಿಯಿಂದ ಬೇರ್ಪಡಿಸಿ ತೋರಿಸಿದವರಿಗೆ 10,000 ಡಾಲರ್ ಕೊಡುವುದಾಗಿ ಅಮೆರಿಕದ ಆಡಿಯೊ ತಜ್ಞ ರಿಚರ್ಡ್ ಕ್ಲಾರ್ಕ್ ವರ್ಷಗಟ್ಟಲೆ ಪಂಥ ಒಡ್ಡಿದ್ದರು. ಆ ಹಣವನ್ನು ಯಾರೂ ಗೆಲ್ಲಲಿಲ್ಲ. ಎರಡು ವಿನಾಯಿತಿಗಳುಂಟು. ವಾಲ್ವ್ ಆಂಪ್ಲಿಫೈಯರ್‌ಗಳು ದನಿಯನ್ನು ಕೇಳಿಸುವಷ್ಟು ಬದಲಿಸಬಲ್ಲವು, ಅದು ಇಷ್ಟವಾದರೆ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಇನ್ನು ಕೆಲವು ಸ್ಪೀಕರ್‌ಗಳ ತಡೆ ಮೂರು ಓಮ್‌ಗೆ ಇಳಿಯುತ್ತದೆ. ಅವಕ್ಕೆ ಗಟ್ಟಿಮುಟ್ಟಾದ ಆಂಪ್ಲಿಫೈಯರ್ ನಿಜಕ್ಕೂ ಬೇಕು.

ಸಿಡಿಗಿಂತ ಮೇಲೆ ಏನಿದೆ

1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ತಂದ ಸಿಡಿ, ದನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು ಪ್ರತಿ ಅಳತೆಯನ್ನು 16 ಬಿಟ್‌ನಲ್ಲಿ, ಅಂದರೆ ಹದಿನಾರು ಸೊನ್ನೆ-ಒಂದುಗಳಲ್ಲಿ, ಬರೆದಿಡುತ್ತದೆ. ಹೀಗೆ ಚೂರು ಚೂರು ಅಳೆದರೆ ನಡುವಿನ ದನಿ ಕಳೆದುಹೋಗುವುದಿಲ್ಲವೇ ಎಂಬುದು ಸಹಜ ಅನುಮಾನ. ಕಳೆದುಹೋಗುವುದಿಲ್ಲ. ಒಂದು ಅಲೆಯಲ್ಲಿರುವ ಅತಿ ಹೆಚ್ಚಿನ ಕಂಪನದ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆದರೆ, ಅಳತೆಗಳಿಂದ ಇಡೀ ಅಲೆಯನ್ನು ಇದ್ದ ಹಾಗೆಯೇ ಮರಳಿ ಕಟ್ಟಬಹುದು ಎಂಬುದನ್ನು ಕ್ಲಾಡ್ ಶಾನನ್ 1949ರಲ್ಲಿ ಗಣಿತದಿಂದ ತೋರಿಸಿದ್ದಾರೆ. 44,100ರ ಅರ್ಧ 22,050. ಎಳೆಯ ಮಕ್ಕಳ ಕಿವಿಗೂ ಅದು ಮೀರಿದ್ದು. ವಯಸ್ಸಾದಂತೆ ಕಿವಿಯ ಮೇಲಿನ ಅಂಚು ಸವೆಯುತ್ತಾ ಹೋಗುತ್ತದೆ, ಐವತ್ತು ದಾಟಿದ ಅನೇಕರಿಗೆ 12,000, 14,000 ಹರ್ಟ್ಸ್‌ಗಿಂತ ಮೇಲಿನದು ಕೇಳುವುದಿಲ್ಲ. ಹತ್ತು ಲಕ್ಷದ ಸಾಮಾನು ಕೊಳ್ಳುವ ಶಕ್ತಿ ಕೈಗೆ ಬರುವುದೂ ಸುಮಾರಿಗೆ ಅದೇ ವಯಸ್ಸಿನಲ್ಲಿ.

16 ಬಿಟ್ ಎಂದರೆ ಅತಿ ಮೆಲುದನಿಗೂ ಅತಿ ಜೋರಿಗೂ ನಡುವೆ 96 ಡೆಸಿಬಲ್ ಅಂತರ. 24 ಬಿಟ್‌ನಲ್ಲಿ ಅದು ಕಾಗದದ ಮೇಲೆ 144. ಈಗ ಬೆಂಗಳೂರಿಗೆ ಬನ್ನಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಫ್ಯಾನ್ ತಿರುಗುವ, ಕಿಟಕಿ ಮುಚ್ಚಿದ ಕೋಣೆಯೊಳಗೂ 35, 40 ಡೆಸಿಬಲ್ ಹಿನ್ನೆಲೆ ಸದ್ದು ಸಾಮಾನ್ಯ. ಮೇಲೆ 95 ಅಥವಾ 100ಕ್ಕಿಂತ ಜೋರಾಗಿ ಯಾರೂ ಮನೆಯಲ್ಲಿ ಕೇಳಬಾರದು. ಉಳಿಯುವುದು ಅರವತ್ತು ಡೆಸಿಬಲ್. ಸಿಡಿಯೇ ಅದಕ್ಕೆ ಅಗತ್ಯಕ್ಕಿಂತ ಹೆಚ್ಚು.

ಪರೀಕ್ಷೆಗಳು ಏನು ಹೇಳುತ್ತವೆ ಎಂದರೆ, 2007ರಲ್ಲಿ ಮೇಯರ್ ಮತ್ತು ಮೋರನ್ ಎಂಬ ಇಬ್ಬರು ಪ್ರಕಟಿಸಿದ ಪ್ರಯೋಗದಲ್ಲಿ ಉನ್ನತ ಗುಣಮಟ್ಟದ ಧ್ವನಿಮುದ್ರಣವನ್ನೂ, ಅದನ್ನೇ ಸಿಡಿ ಮಟ್ಟಕ್ಕೆ ಇಳಿಸಿದ್ದನ್ನೂ ಕೇಳುಗರಿಗೆ ಹೇಳದೆ ಬದಲಾಯಿಸಿ ಕೇಳಿಸಿದ್ದರು. 554 ಸುತ್ತುಗಳಲ್ಲಿ ಸರಿ ಉತ್ತರ 276, ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ ಇಂಥ 18 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿ ಉತ್ತರದ ಪ್ರಮಾಣ ಶೇಕಡಾ 52.3 ಎಂದು ಕಂಡರು, ತರಬೇತಿ ಪಡೆದವರಲ್ಲಿ ತುಸು ಹೆಚ್ಚು. ವ್ಯತ್ಯಾಸ ಸೊನ್ನೆಯಲ್ಲ ಎಂದು ಒಪ್ಪೋಣ. ಆದರೆ ಅಷ್ಟು ಸಣ್ಣದಕ್ಕಾಗಿ ಎರಡು ಲಕ್ಷದ ಡ್ಯಾಕ್ ಕೊಳ್ಳುವುದು ನನ್ನ ಮಟ್ಟಿಗೆ ವಿವೇಕವಲ್ಲ. ಮೊಬೈಲಿಗೆ ಸಿಕ್ಕಿಸುವ ಸಾವಿರ ರೂಪಾಯಿ ಆಸುಪಾಸಿನ ಆ್ಯಪಲ್ ಕಂಪನಿಯ ಪುಟ್ಟ ಜೋಡಣೆ ತಂತಿಯೊಳಗೂ ಒಂದು ಡ್ಯಾಕ್ ಇದೆ, ಅಳತೆಯಲ್ಲಿ ಅದು ಬಹಳ ಚೆನ್ನಾಗಿಯೇ ನಿಲ್ಲುತ್ತದೆ.

ಗ್ರಾಮಫೋನ್ ತಟ್ಟೆಯ ಭಕ್ತರ ವಿಷಯದಲ್ಲಿ 2022ರ ಪ್ರಸಂಗ ನೆನಪಿಡುವಂಥದ್ದು. ಅಮೆರಿಕದ ಮೊಬೈಲ್ ಫಿಡೆಲಿಟಿ ಎಂಬ ಸಂಸ್ಥೆ ಮೂಲ ಟೇಪುಗಳಿಂದ ತಟ್ಟೆ ಒತ್ತುವುದರಲ್ಲಿ ಹೆಸರು ಮಾಡಿತ್ತು. ನಡುವೆ ಎಲ್ಲೂ ಡಿಜಿಟಲ್ ಸೋಂಕಿಲ್ಲ ಎಂಬ ನಂಬಿಕೆಯಿಂದ ಜನ ದುಬಾರಿ ಬೆಲೆಗೆ ಕೊಳ್ಳುತ್ತಿದ್ದರು, ಡಿಜಿಟಲ್‌ನಲ್ಲಿ ಈ ಬೆಚ್ಚನೆಯ ದನಿ ಬಾರದು ಎಂದು ಹೊಗಳುತ್ತಿದ್ದರು. ಆ ತಟ್ಟೆಗಳಲ್ಲಿ ಅನೇಕವು ವರ್ಷಗಳಿಂದ ಡಿಜಿಟಲ್ ಪ್ರತಿಯಿಂದಲೇ ತಯಾರಾಗುತ್ತಿದ್ದುದು ಆ ವರ್ಷ ಹೊರಬಿತ್ತು. ಮೊಕದ್ದಮೆ ನಡೆದು 2.5 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಂದವಾಯಿತು. ಅಲ್ಲಿಯ ತನಕ ಆ ದನಿಯನ್ನು ಹೊಗಳುತ್ತಿದ್ದ ಸೂಕ್ಷ್ಮ ಕಿವಿಗಳಿಗೆ ಅದು ಗೊತ್ತಾಗಿರಲಿಲ್ಲ.

ತಂತಿಯ ಲೆಕ್ಕ

ಮನೆಯ ವೈರಿಂಗಿಗೆ ಬಳಸುವ 2.5 ಚದರ ಮಿಲಿಮೀಟರ್ ತಾಮ್ರದ ತಂತಿ ತೆಗೆದುಕೊಳ್ಳಿ. ಒಂದು ಮೀಟರಿಗೆ ಅದರ ತಡೆ 0.007 ಓಮ್. ಸ್ಪೀಕರ್ ಐದು ಮೀಟರ್ ದೂರವಿದ್ದರೆ ಹೋಗಿ ಬರಲು ಹತ್ತು ಮೀಟರ್, ಒಟ್ಟು 0.07 ಓಮ್. ಎಂಟು ಓಮಿನ ಸ್ಪೀಕರ್ ಮುಂದೆ ಇದು ಶೇಕಡಾ ಒಂದೂ ಇಲ್ಲ. ದನಿಯಲ್ಲಿ ಕಳೆದುಹೋಗುವುದು ಒಂದು ಡೆಸಿಬಲ್‌ನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಎರಡೂ ಸ್ಪೀಕರ್‌ಗೆ ಬೇಕಾದ ತಂತಿ ಸಾವಿರ ರೂಪಾಯಿಯೊಳಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಇದಕ್ಕಿಂತ ಮೇಲಿನ ಪ್ರತಿ ರೂಪಾಯಿಯೂ ಹೆಣಿಗೆಯ ಬಣ್ಣಕ್ಕೆ. ಎಚ್‌ಡಿಎಂಐ, ಯುಎಸ್‌ಬಿ ಕೇಬಲ್‌ಗಳಲ್ಲಿ ಹರಿಯುವುದು ಬರೀ ಅಂಕಿಗಳು. ಕೇಬಲ್ ಸರಿಯಿದ್ದರೆ ಅವು ಇದ್ದಂತೆಯೇ ತಲುಪುತ್ತವೆ, ಕೆಟ್ಟಿದ್ದರೆ ದನಿ ತುಂಡಾಗುತ್ತದೆ ಅಥವಾ ನಿಂತೇ ಹೋಗುತ್ತದೆ. ಅಂಕಿಗಳಿಗೆ ‘ಮಾಧುರ್ಯ’ ಬರುವ ದಾರಿಯಿಲ್ಲ.

2007ರಲ್ಲಿ 7,250 ಡಾಲರಿನ ಒಂದು ಜೋಡಿ ಸ್ಪೀಕರ್ ಕೇಬಲ್ ಬಗ್ಗೆ ಅಮೆರಿಕದಲ್ಲಿ ಜಗಳ ಎದ್ದಿತ್ತು. ಸಾಧಾರಣ ಕೇಬಲ್‌ನಿಂದ ಅದನ್ನು ಕಿವಿಯಲ್ಲೇ ಗುರುತಿಸಿ ತೋರಿಸಿದವರಿಗೆ ಜಾದೂಗಾರ ಜೇಮ್ಸ್ ರಾಂಡಿ ತಮ್ಮ ಹತ್ತು ಲಕ್ಷ ಡಾಲರಿನ ಬಹುಮಾನ ಮುಂದಿಟ್ಟರು. ಪರೀಕ್ಷೆ ನಡೆಯಲೇ ಇಲ್ಲ.

ತಂತಿಗೆ ಸಂಬಂಧಿಸಿದ ನಿಜವಾದ ತೊಂದರೆಗಳು ಬೇರೆ ಇವೆ, ನಮ್ಮ ಊರಿನಲ್ಲಿ ಹೆಚ್ಚೇ ಇವೆ. ಸ್ಪೀಕರಿನಿಂದ ‘ಗುಂಯ್’ ಎಂಬ ಸದ್ದು ನಿರಂತರವಾಗಿ ಬರುತ್ತಿದ್ದರೆ ಅದು 50 ಅಥವಾ 100 ಹರ್ಟ್ಸ್‌ನ ಕರೆಂಟಿನ ಸದ್ದು. ಟಿವಿಯ ಕೇಬಲ್ ಆಂಪ್ಲಿಫೈಯರ್‌ಗೂ ಸೇರಿಕೊಂಡಾಗ ಎರಡು ಕಡೆಯಿಂದ ಅರ್ಥಿಂಗ್ ಆಗಿ ಇದು ಹುಟ್ಟುವುದುಂಟು. ಟಿವಿಯ ಕೇಬಲ್ ಕಿತ್ತು ನೋಡಿ, ಸದ್ದು ನಿಂತರೆ ಕಳ್ಳ ಸಿಕ್ಕಂತೆ. ಕರೆಂಟು ಹೋಗಿ ಯುಪಿಎಸ್ ಓಡುವಾಗ ಮಾತ್ರ ಝುಯ್ಗುಟ್ಟಿದರೆ ಆ ಯುಪಿಎಸ್ ಚೌಕಾಕಾರದ ಅಲೆ ಕೊಡುವ ಅಗ್ಗದ ಬಗೆಯದು, ಸೈನ್ ವೇವ್ ಯುಪಿಎಸ್ ಹಾಕಿಸಿದರೆ ಸರಿಹೋಗುತ್ತದೆ. ಲಕ್ಷ ರೂಪಾಯಿಯ ಪವರ್ ಕೇಬಲ್ ಇವೆರಡರಲ್ಲಿ ಒಂದನ್ನೂ ಪರಿಹರಿಸುವುದಿಲ್ಲ. ಗೋಡೆಯೊಳಗಿನಿಂದ ಬೀದಿಯ ಟ್ರಾನ್ಸ್‌ಫಾರ್ಮರ್ ತನಕ ಸಾಧಾರಣ ತಂತಿಯೇ ಇರುವಾಗ ಕೊನೆಯ ಆರು ಅಡಿಗೆ ಬೆಳ್ಳಿ ಬಳಿದು ಏನು ಮಾಡುವುದು?

ಹಾಗಾದರೆ ಕೇಳಿಸಿದ್ದು ಸುಳ್ಳೇ?

ದುಬಾರಿ ಕೇಬಲ್ ಹಾಕಿದ ಮೇಲೆ ದನಿ ಅರಳಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೆಯೇ ಕೇಳಿಸಿರುತ್ತದೆ. ಕಿವಿ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಕಣ್ಣು ಮತ್ತು ಬೆಲೆಚೀಟಿ ಅದರ ಜೊತೆ ಕುಳಿತಿರುತ್ತವೆ. ದನಿಯ ಸಂಶೋಧಕರಾದ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಡಿಯೊ ಸಾಮಾನು ತಯಾರಿಸುವ ಹರ್ಮನ್ ಕಂಪನಿಯ ಸಿಬ್ಬಂದಿ ನಾಲ್ಕು ಸ್ಪೀಕರ್‌ಗಳನ್ನು ಒಮ್ಮೆ ಪರದೆಯ ಹಿಂದಿಟ್ಟು, ಇನ್ನೊಮ್ಮೆ ಕಣ್ಣಾರೆ ನೋಡುತ್ತಾ ಕೇಳಿ ಅಂಕ ಕೊಟ್ಟರು. ಪರದೆ ಇಲ್ಲದಿದ್ದಾಗ ದೊಡ್ಡ, ಚೆಂದದ, ದುಬಾರಿ ಪೆಟ್ಟಿಗೆಗಳ ಅಂಕ ಏರಿತು, ಪುಟ್ಟ ಪ್ಲಾಸ್ಟಿಕ್ ಸ್ಪೀಕರಿನ ಅಂಕ ಕುಸಿಯಿತು. ಕೇಳುತ್ತಿದ್ದವರು ಅದೇ ಉದ್ಯಮದವರು, ಅವರಲ್ಲಿ ಕಿವಿ ಪಳಗಿದವರೂ ಇದ್ದರು.

ಪಿಟೀಲಿನ ಲೋಕದಲ್ಲೂ ಇದೇ ಆಗಿದೆ. 2012ರಲ್ಲಿ ಪ್ರಕಟವಾದ ಕ್ಲೌಡಿಯಾ ಫ್ರಿಟ್ಜ್ ತಂಡದ ಅಧ್ಯಯನದಲ್ಲಿ 21 ವಾದಕರು ಕಣ್ಣಿಗೆ ಕಪ್ಪು ಕನ್ನಡಕ ಕಟ್ಟಿಕೊಂಡು ಜಗತ್ಪ್ರಸಿದ್ಧ, ಬಲು ದುಬಾರಿಯ ಸ್ಟ್ರಾಡಿವೇರಿಯಸ್ ಸೇರಿದಂತೆ ಮೂರು ಹಳೆಯ ಇಟಲಿಯ ಪಿಟೀಲುಗಳನ್ನೂ ಮೂರು ಹೊಸವನ್ನೂ ನುಡಿಸಿದರು. ಹೆಚ್ಚು ಮೆಚ್ಚುಗೆ ಪಡೆದದ್ದು ಒಂದು ಹೊಸದು. ಕಡೆಯ ಸ್ಥಾನ ಒಂದು ಸ್ಟ್ರಾಡಿವೇರಿಯಸ್‌ಗೆ.

ಹಾಗೆಂದು ಒಳ್ಳೆಯ ದನಿ ಬರೀ ಅವರವರ ಭಾವಕ್ಕೆ ಬಿಟ್ಟದ್ದು ಎಂದರೆ ಅದೂ ತಪ್ಪು. ಟೂಲ್ ಅವರ ದಶಕಗಳ ಕೆಲಸದ ತಿರುಳೆಂದರೆ, ಕಣ್ಣು ಮರೆಯಾದಾಗ ಬೇರೆ ಬೇರೆ ಜನರ ಮೆಚ್ಚುಗೆ ಅಚ್ಚರಿಯೆನಿಸುವಷ್ಟು ಒಂದೇ ಕಡೆ ಸೇರುತ್ತದೆ, ಮುಂದಕ್ಕೆ ಏರುಪೇರಿಲ್ಲದ ದನಿಯನ್ನೂ ಪಕ್ಕಕ್ಕೆ ನಯವಾದ ದನಿಯನ್ನೂ ಬೀರುವ ಸ್ಪೀಕರ್‌ಗಳೇ ಗೆಲ್ಲುತ್ತವೆ. ಗುಣ ಇದೆ, ಅದನ್ನು ಅಳೆಯಲೂ ಬಹುದು. ಬೆಲೆ ಮಾತ್ರ ಅದರ ಗುರುತಲ್ಲ. 2017ರಲ್ಲಿ ಯೆರೂನ್ ಬ್ರೇಬಾರ್ಟ್ 283 ಹೆಡ್‌ಫೋನ್‌ಗಳನ್ನು ಅಳೆದು ನೋಡಿದಾಗ, ಬೆಲೆಗೂ ದನಿಯ ಸಮತೋಲಕ್ಕೂ ಸಂಬಂಧವೇ ಸಿಗಲಿಲ್ಲ.

ಶೋರೂಮಿನಲ್ಲಿ ಮೋಸವಿಲ್ಲದೆಯೂ ಕಿವಿ ಮೋಸಹೋಗುವ ಇನ್ನೊಂದು ದಾರಿ ದನಿಯ ಮಟ್ಟ. ಅರ್ಧ ಡೆಸಿಬಲ್ ಜೋರಾದರೆ ‘ಜೋರಾಯಿತು’ ಎಂದು ನಮಗೆ ಅನ್ನಿಸುವುದಿಲ್ಲ, ‘ಸ್ಪಷ್ಟವಾಯಿತು’, ‘ತುಂಬಿ ಬಂತು’ ಎನ್ನಿಸುತ್ತದೆ. ಹೀಗಾಗಿ ಎರಡು ಆಂಪ್ಲಿಫೈಯರ್ ಹೋಲಿಸುವವರು ಮೊದಲು ಒಂದು ಮಲ್ಟಿಮೀಟರ್ ಹಿಡಿದು, ಸ್ಪೀಕರಿನ ತುದಿಯಲ್ಲಿ ವೋಲ್ಟೇಜ್ ಶೇಕಡಾ ಒಂದರ ಒಳಗೆ ಸಮವಾಗುವಂತೆ ಹೊಂದಿಸಿಕೊಳ್ಳಬೇಕು. ಆಮೇಲೆ ಮನೆಯವರೊಬ್ಬರು ನಾಣ್ಯ ಚಿಮ್ಮಿ, ನಿಮಗೆ ಕಾಣದಂತೆ ಬದಲಾಯಿಸಲಿ. ಹತ್ತು ಸುತ್ತಿನಲ್ಲಿ ಒಂಬತ್ತು ಅಥವಾ ಹೆಚ್ಚು ಸರಿ ಹೇಳಿದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ ಶೇಕಡಾ ಒಂದು ಮಾತ್ರ. ಆಗ ಧೈರ್ಯವಾಗಿ ಹಣ ಕೊಡಿ. ಆರೋ ಏಳೋ ಬಂದರೆ ಆ ಹಣದಲ್ಲಿ ಸಂಗೀತ ಕೊಳ್ಳಿ.

ಕೊಳ್ಳುವುದಾದರೆ

ಹತ್ತು-ಹನ್ನೆರಡರ ಕೋಣೆಗೆ ಒಂದೂವರೆ ಲಕ್ಷ ರೂಪಾಯಿ ಇದೆ ಎಂದುಕೊಂಡರೆ ನಾನು ತೊಂಬತ್ತು ಸಾವಿರವನ್ನು ಸ್ಪೀಕರ್‌ಗೆ, ಮೂವತ್ತನ್ನು ಆಂಪ್ಲಿಫೈಯರ್‌ಗೆ, ಇಪ್ಪತ್ತನ್ನು ಕೋಣೆಯ ಹಾಸು, ಪರದೆ, ರಾಕ್‌ವೂಲ್ ಹಲಗೆಗೆ ಇಡುತ್ತೇನೆ. ಉಳಿದದ್ದರಲ್ಲಿ ತಂತಿಗೆ ಸಾವಿರ, ಮಿಕ್ಕದ್ದು ಅಳತೆಯ ಒಂದು ಮೈಕ್‌ಗೆ. ಕೋಣೆಯಲ್ಲಿ ಎಲ್ಲೆಲ್ಲಿ ದನಿ ಉಬ್ಬುತ್ತದೆ ಎಂದು ತೋರಿಸುವ ‘ರೂಮ್ ಇಕ್ಯೂ ವಿಜಾರ್ಡ್’ ಎಂಬ ತಂತ್ರಾಂಶ ಉಚಿತ. ಉಬ್ಬುಗಳನ್ನು, ಬೇರೆ ಬೇರೆ ಸ್ವರಗಳ ಮಟ್ಟ ಹೊಂದಿಸುವ ಈಕ್ವಲೈಜರ್‌ನಿಂದ ತಗ್ಗಿಸಬಹುದು, ತಗ್ಗುಗಳನ್ನು ತುಂಬಲು ಹೋಗಬಾರದು. ಎಷ್ಟು ಬಲ ಸುರಿದರೂ ಗೋಡೆಗಳು ಅದನ್ನು ರದ್ದು ಮಾಡುತ್ತಲೇ ಇರುತ್ತವೆ. ಈ ಮಟ್ಟ ದಾಟಿದ ಮೇಲೆ ಖರ್ಚು ಮಾಡುವವರು ಮರದ ಕೆಲಸಕ್ಕೋ, ತಿರುಗಿಸಿದಾಗ ಕೈಗೆ ಸಿಗುವ ಗುಂಡಿಯ ಹಿತಕ್ಕೋ, ಹೆಸರಿಗೋ ಮಾಡಲಿ. ರೇಷ್ಮೆ ಸೀರೆಗೂ ವಾಚಿಗೂ ಮಾಡುವುದಿಲ್ಲವೇ? ಅದನ್ನು ದನಿಯ ಲೆಕ್ಕಕ್ಕೆ ಬರೆಯದಿದ್ದರೆ ಆಯಿತು.

ಹಳೆಯ ಧ್ವನಿಮುದ್ರಣಗಳನ್ನೇ ಹೆಚ್ಚು ಕೇಳುವವರು ಇನ್ನೂ ಕಡಿಮೆಗೆ ನಿಲ್ಲಬಹುದು. ಮದರಾಸಿನ ಸ್ಟುಡಿಯೊಗಳಲ್ಲಿ ಮೊನೊದಲ್ಲಿ ಮುದ್ರಣವಾದ ಅರವತ್ತರ ದಶಕದ ಚಿತ್ರಗೀತೆಗಳಲ್ಲಿ ಇಲ್ಲದ ವಿವರವನ್ನು ಯಾವ ಸ್ಪೀಕರೂ ಹೊರತೆಗೆಯಲಾರದು. ಒಳ್ಳೆಯ ಸ್ಪೀಕರ್ ಆ ಟೇಪಿನ ‘ಶ್’ ಸದ್ದನ್ನು ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೇ.

ಬಳಸಿದ ಸ್ಪೀಕರ್ ಕೊಳ್ಳಲು ಹಿಂಜರಿಯಬೇಕಿಲ್ಲ. ಡ್ಯಾಕ್‌ಗಳು, ವೈರ್‌ಲೆಸ್ ಪೆಟ್ಟಿಗೆಗಳು ಕೆಲವೇ ವರ್ಷಗಳಲ್ಲಿ ಹಳತಾಗುತ್ತವೆ, ಆದರೆ ಚೆನ್ನಾಗಿ ಕಟ್ಟಿದ ಸ್ಪೀಕರ್ ಮೂವತ್ತು ವರ್ಷ ಬಾಳುತ್ತದೆ. ನೋಡಲು ಹೋದಾಗ ಮುಂದಿನ ಜಾಲರಿ ತೆಗೆಸಿ, ಪೊರೆಯ ಸುತ್ತಲಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ರಬ್ಬರ್ ಆಗಿದ್ದರೆ ಚಿಂತೆಯಿಲ್ಲ. ಫೋಮ್ ಆಗಿದ್ದು, ಹದಿನೈದಿಪ್ಪತ್ತು ವರ್ಷ ಹಳೆಯದಾಗಿದ್ದರೆ ಅದು ಬೆರಳಿಗೆ ಪುಡಿಯಾಗಿ ಅಂಟಬಹುದು. ಅಂಚು ಮಾತ್ರ ಬದಲಾಯಿಸುವುದು ದೊಡ್ಡ ರಿಪೇರಿಯಲ್ಲ, ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡು ಚೌಕಾಸಿ ಮಾಡಬಹುದು.